ಗರ್ಭಿಣಿಯೂ ಥೈರಾಯಿಡ್ ಕೊರತೆಯೂ

ತಿಂಗಳ ಮುಟ್ಟು ತಪ್ಪಿ, ತಾನು ಗರ್ಭಿಣಿಯೆಂದು ತಿಳಿದೊಡನೆ, ಅಲ್ಲಿಯವರೆಗೆ ಸೇವಿಸುತ್ತಿದ್ದ ಮಾತ್ರೆಗಳನ್ನೆಲ್ಲ ಬಿಟ್ಟುಬಿಡಬೇಕೆಂಬ ಭಾವನೆ ನಮ್ಮ ಗ್ರಾಮಾಂತರ ಪ್ರದೇಶಗಳಲ್ಲಿ ಬಲವಾಗಿ ಬೇರೂರಿದೆ. ಮಾತ್ರೆ ಉಷ್ಣ, ಬಸುರಿಗೆ ಅದು ಆಗದು ಎಂದು ಮನೆಯ ಹಿರಿಯರು ಹೇಳುವುದುಂಟು. ಈ ಎಚ್ಚರಿಕೆ ಪೂರ್ತಿ ತಪ್ಪಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲಿ ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಅಪಾಯಕರವೇ ಸರಿ. ಆದರೆ ಗರ್ಭಿಣಿಯಾದ ಮಾತ್ರಕ್ಕೆ ಒಂದು ದಿನವೂ ಬಿಡಬಾರದ ಮಾತ್ರೆಯೊಂದಿದೆ. ಅದೇ ಥೈರಾಯಿಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆ. ಅದನ್ನು ಬಿಡಬಾರದಷ್ಟೇ ಅಲ್ಲ, ಅನೇಕ ಸ್ತ್ರೀಯರಿಗೆ ಗರ್ಭ ಧರಿಸಿದ ಕೆಲವೇ ವಾರಗಳಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಇದರ ಕಾರಣವನ್ನು ಪತಿ ಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ.

ಥೈರಾಯಿಡ್ ಗ್ರಂಥಿಯ ಕೆಲಸ

ನಮ್ಮ ಕತ್ತಿನ ಮುಂಭಾಗದಲ್ಲಿ, ಉಸಿರುನಾಳದ ಮೇಲೆ, ಚಿಟ್ಟೆಯು ರೆಕ್ಕೆ ಬಿಚ್ಚಿ ಕುಳಿತ ಆಕಾರದಲ್ಲಿ ಒಂದು ಸಣ್ಣ ಗ್ರಂಥಿಯಿದೆ. ಇದೇ ಥೈರಾಯಿಡ್ ಗ್ರಂಥಿ. ಆಹಾರದಲ್ಲಿ ಬರುವ ಅಯೋಡಿನ್ ಎಂಬ ಲವಣಾಂಶವನ್ನು ಬಳಸಿಕೊಂಡು ಇದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಸೇರಿಸುತ್ತದೆ. ದೇಹದ ಶಾಖ, ಹೃದಯದ ಬಡಿತ, ಜೀರ್ಣಶಕ್ತಿ, ಮುಟ್ಟಿನ ಕ್ರಮ, ಮಕ್ಕಳ ಬೆಳವಣಿಗೆ ಇವೆಲ್ಲವೂ ಈ ಹಾರ್ಮೋನನ್ನು ಅವಲಂಬಿಸಿವೆ. ಒಲೆಯ ಉರಿ ತಗ್ಗಿದರೆ ಅಡಿಗೆ ನಿಧಾನವಾಗುವಂತೆ, ಥೈರಾಕ್ಸಿನ್ ಕಡಿಮೆಯಾದರೆ ದೇಹದ ಕಾರ್ಯಗಳೆಲ್ಲ ನಿಧಾನವಾಗುತ್ತವೆ.

ಥೈರಾಕ್ಸಿನ್ ಕಡಿಮೆಯಾದಾಗ ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಬೇರೊಂದು ಹಾರ್ಮೋನನ್ನು ಹೆಚ್ಚಾಗಿ ಸುರಿಸಿ, ಥೈರಾಯಿಡ್ ಗ್ರಂಥಿಯನ್ನು ಎಚ್ಚರಿಸಲು ಯತ್ನಿಸುತ್ತದೆ. ಆದುದರಿಂದ ರಕ್ತದಲ್ಲಿ ಟಿ.ಎಸ್.ಎಚ್. ಅಂಕಿ ಏರಿದ್ದರೆ ಥೈರಾಯಿಡ್ ಸೋಲುತ್ತಿದೆಯೆಂದು ವೈದ್ಯರು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತಾರೆ. ಅಂಕಿ ಹೆಚ್ಚಿದ್ದರೆ ಹಾರ್ಮೋನು ಕಡಿಮೆ ಎಂಬ ಈ ತಲೆಕೆಳಗಾದ ಲೆಕ್ಕವನ್ನು ನೆನಪಿನಲ್ಲಿಟ್ಟರೆ, ಪರೀಕ್ಷೆಯ ಚೀಟಿಯನ್ನು ನೋಡಿ ಗಾಬರಿಯಾಗುವುದಾಗಲಿ ತಪ್ಪು ತಿಳಿಯುವುದಾಗಲಿ ತಪ್ಪುತ್ತದೆ.

ಈ ಕೊರತೆಗೆ ಕಾರಣಗಳು ಹಲವು. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ತನ್ನ ಥೈರಾಯಿಡ್ ಗ್ರಂಥಿಯನ್ನು ಕ್ರಮೇಣ ಹಾಳುಮಾಡುವುದು ಒಂದು ಮುಖ್ಯ ಕಾರಣ. ಆಹಾರದಲ್ಲಿ ಅಯೋಡಿನ್ ಸಾಲದಿರುವುದು ಮತ್ತೊಂದು. ಗಳಗಂಡ ಮುಂತಾದ ಕಾರಣಗಳಿಗಾಗಿ ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆಸಿಕೊಂಡವರಿಗೂ ಕೊರತೆ ಉಂಟಾಗುತ್ತದೆ. ಇದು ಅಂಟುರೋಗವಲ್ಲ. ಯಾವ ಪಾಪದ ಫಲವೂ ಅಲ್ಲ. ಈ ಕೊರತೆಯಿರುವ ಸೊಸೆಗೆ ಮಕ್ಕಳಾಗುವುದಿಲ್ಲವೆಂದು ತೀರ್ಮಾನಿಸುವುದೂ ಸರಿಯಲ್ಲ. ಸರಿಯಾದ ಚಿಕಿತ್ಸೆ ಪಡೆದವರು ಎಲ್ಲರಂತೆಯೇ ಆರೋಗ್ಯವಂತ ಮಕ್ಕಳನ್ನು ಹೆರಬಲ್ಲರು.

ಮೊದಲ ಮೂರು ತಿಂಗಳುಗಳ ಮಹತ್ವ

ಗರ್ಭಸ್ಥ ಶಿಶುವಿನ ಮಿದುಳು ಮೊದಲ ವಾರಗಳಿಂದಲೇ ರೂಪುಗೊಳ್ಳತೊಡಗುತ್ತದೆ. ಅದಕ್ಕೆ ಥೈರಾಕ್ಸಿನ್ ಬೇಕು. ಆದರೆ ಶಿಶುವಿನ ಸ್ವಂತ ಥೈರಾಯಿಡ್ ಗ್ರಂಥಿ ಸುಮಾರು 12 ವಾರಗಳಾಗುವವರೆಗೆ ಹಾರ್ಮೋನನ್ನು ತಯಾರಿಸಲಾರದು. ಅದು ಚೆನ್ನಾಗಿ ಕೆಲಸ ಮಾಡಲು ಸುಮಾರು 18ರಿಂದ 20 ವಾರಗಳಾಗಬೇಕು. ಅಲ್ಲಿಯವರೆಗೆ ತಾಯಿಯ ರಕ್ತದಿಂದ ಬರುವ ಥೈರಾಕ್ಸಿನ್ನೇ ಅದಕ್ಕೆ ಆಧಾರ. ತಾಯಿಯಲ್ಲಿಯೇ ಕೊರತೆಯಿದ್ದರೆ ಮಗುವಿಗೆ ಕೊಡುವವರು ಯಾರು?

ಕೊರತೆಯನ್ನು ಅಲಕ್ಷಿಸಿದರೆ ಗರ್ಭಪಾತ, ರಕ್ತದೊತ್ತಡದ ಏರಿಕೆ, ರಕ್ತಹೀನತೆ, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು ಮೊದಲಾದ ತೊಂದರೆಗಳ ಸಂಭವ ಹೆಚ್ಚುತ್ತದೆ. ಮಗುವಿನ ಬುದ್ಧಿಶಕ್ತಿಗೂ ಹಾನಿಯಾಗಬಹುದು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗರ್ಭಕಾಲದಲ್ಲಿ ಥೈರಾಯಿಡ್ ಕೊರತೆಯಿದ್ದೂ ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳನ್ನು 7ರಿಂದ 9 ವರ್ಷದ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಅವರ ಬುದ್ಧಿಸೂಚ್ಯಂಕವು ಇತರ ಮಕ್ಕಳದಕ್ಕಿಂತ ಸರಾಸರಿ 7 ಅಂಕಗಳಷ್ಟು ಕಡಿಮೆಯಿತ್ತು.

ಇಲ್ಲಿ ನಮ್ಮ ಹಳ್ಳಿಗಳ ಒಂದು ಪದ್ಧತಿಯನ್ನು ಕುರಿತು ಹೇಳಬೇಕಾಗಿದೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ವಿಷಯವನ್ನು ಹೊರಗೆ ಹೇಳಬಾರದೆಂದು ಅನೇಕ ಮನೆಗಳಲ್ಲಿ ನಡೆದುಕೊಳ್ಳುತ್ತಾರೆ. ನೆರೆಹೊರೆಗೆ ಹೇಳದಿದ್ದರೆ ನಷ್ಟವಿಲ್ಲ. ಆದರೆ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಹೇಳದಿದ್ದರೆ, ಚಿಕಿತ್ಸೆ ಅತ್ಯಂತ ಅಗತ್ಯವಾದ ದಿನಗಳೇ ಕಳೆದುಹೋಗುತ್ತವೆ. ಮುಟ್ಟು ಒಂದು ವಾರ ತಡವಾದ ಕೂಡಲೇ ಮೂತ್ರ ಪರೀಕ್ಷೆ ಮಾಡಿಸಿಕೊಂಡು, ಗರ್ಭ ಖಚಿತವಾದರೆ ಆ ವಾರದಲ್ಲಿಯೇ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸತಕ್ಕದ್ದು.

ಲಕ್ಷಣಗಳು ಮತ್ತು ಪರೀಕ್ಷೆ

ಆಯಾಸ, ಅತಿಯಾದ ನಿದ್ರೆ, ಮಲಬದ್ಧತೆ, ಚಳಿಯನ್ನು ತಡೆಯಲಾಗದಿರುವುದು, ಒಣಚರ್ಮ, ಕೂದಲು ಉದುರುವುದು, ಮುಖ ಊದಿದಂತಾಗುವುದು, ದನಿ ಒಡೆಯುವುದು ಇವು ಥೈರಾಯಿಡ್ ಕೊರತೆಯ ಲಕ್ಷಣಗಳು. ಆದರೆ ಇವುಗಳಲ್ಲಿ ಹಲವು ಸಾಮಾನ್ಯ ಬಸಿರಿನಲ್ಲಿಯೂ ಕಾಣಿಸುತ್ತವೆ. ಕೆಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಆದುದರಿಂದ ಲಕ್ಷಣಗಳನ್ನು ಮಾತ್ರ ನಂಬಿ ಕುಳಿತುಕೊಳ್ಳುವಂತಿಲ್ಲ. ರಕ್ತಪರೀಕ್ಷೆಯೊಂದೇ ಖಚಿತವಾದ ದಾರಿ.

ಭಾರತ ಸರ್ಕಾರದ ಆರೋಗ್ಯ ಮಂತ್ರಾಲಯವು 2014ರಲ್ಲಿ ಗರ್ಭಿಣಿಯರ ಥೈರಾಯಿಡ್ ಪರೀಕ್ಷೆಯ ಬಗ್ಗೆ ಮಾರ್ಗಸೂಚಿಯನ್ನು ಹೊರಡಿಸಿದೆ. ಹಿಂದೆ ಥೈರಾಯಿಡ್ ತೊಂದರೆಯಿದ್ದವರು, ತಾಯಿ ಅಥವಾ ಒಡಹುಟ್ಟಿದವರಿಗೆ ಈ ತೊಂದರೆಯಿರುವವರು, ಕತ್ತಿನಲ್ಲಿ ಗಂಟು ಅಥವಾ ಊತವಿರುವವರು, ಪದೇ ಪದೇ ಗರ್ಭಪಾತವಾದವರು, ಬಹುಕಾಲ ಮಕ್ಕಳಾಗದಿದ್ದವರು, ಸಕ್ಕರೆ ಕಾಯಿಲೆಯಿರುವವರು, ಇವರೆಲ್ಲರೂ ಮೊದಲ ಭೇಟಿಯಲ್ಲಿಯೇ ಆ ವಿಷಯವನ್ನು ವೈದ್ಯಾಧಿಕಾರಿಗೆ ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ತಪಾಸಣೆ ಉಚಿತವಾಗಿ ನಡೆಯುತ್ತಿದೆ. ಈ ದಿನವನ್ನು ಸದುಪಯೋಗಪಡಿಸಿಕೊಳ್ಳಬೇಕು.

ಈ ಮಾತ್ರೆ ಎಂತಹುದು?

ಥೈರಾಕ್ಸಿನ್ ಮಾತ್ರೆಯು ದೇಹಕ್ಕೆ ಹೊರತಾದ ವಸ್ತುವಲ್ಲ. ದೇಹವು ತಾನೇ ತಯಾರಿಸಬೇಕಾಗಿದ್ದುದನ್ನು ಅದು ಹೊರಗಿನಿಂದ ತುಂಬಿಕೊಡುತ್ತದೆ. ಈ ಚಿಕಿತ್ಸೆ ಹೊಸದೂ ಅಲ್ಲ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆಯವರು ಥೈರಾಯಿಡ್ ಪೂರ್ತಿ ಸೋತಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಗುಣ ಕಂಡರು. ಚಿಕಿತ್ಸೆಯನ್ನು ಮುಂದುವರಿಸಿದ ಆ ಮಹಿಳೆ ಮತ್ತೆ 28 ವರ್ಷಗಳ ಕಾಲ ಬಾಳಿದರು. 1914ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಕೆಂಡಾಲರು ಥೈರಾಕ್ಸಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಇಂದು ದೊರೆಯುವ ಥೈರಾಕ್ಸಿನ್ನನ್ನು ಕಾರ್ಖಾನೆಯಲ್ಲಿ ರಾಸಾಯನಿಕ ವಿಧಾನದಿಂದ ತಯಾರಿಸುತ್ತಾರೆ. ಅದರ ಬೆಲೆಯೂ ಅಲ್ಪ. ಸರಿಯಾದ ಪ್ರಮಾಣದಲ್ಲಿ ಸೇವಿಸಿದರೆ ಗರ್ಭಕ್ಕೂ ಎದೆಹಾಲಿಗೂ ಇದರಿಂದ ತೊಂದರೆಯಿಲ್ಲ.

ಮಾತ್ರೆಯ ಮೇಲೆ 25, 50, 75, 100 ಎಂಬ ಅಂಕಿಗಳಿರುತ್ತವೆ. ಇವು ಮೈಕ್ರೋಗ್ರಾಂ ಲೆಕ್ಕ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗ. ಇಷ್ಟು ಸೂಕ್ಷ್ಮವಾದ ಅಳತೆಯಾದ ಕಾರಣ, ಒಬ್ಬರ ಮಾತ್ರೆಯನ್ನು ಮತ್ತೊಬ್ಬರು ಸೇವಿಸುವುದಾಗಲಿ, ಅಂಗಡಿಯವರು ಬೇರೆ ಅಂಕಿಯ ಮಾತ್ರೆ ಕೊಟ್ಟಾಗ ಸುಮ್ಮನೆ ತೆಗೆದುಕೊಳ್ಳುವುದಾಗಲಿ ಕೂಡದು.

ಮೊದಲೇ ಮಾತ್ರೆ ಸೇವಿಸುತ್ತಿರುವವರು

ಇವರು ಗರ್ಭಧಾರಣೆಗೆ ಮೊದಲೇ ಸಿದ್ಧತೆ ಮಾಡಿಕೊಳ್ಳುವುದು ಅತ್ಯುತ್ತಮ. ಟಿ.ಎಸ್.ಎಚ್. ಅಂಕಿ ಹತೋಟಿಗೆ ಬರುವವರೆಗೆ ದಂಪತಿಗಳು ನಿರೋಧ್, ವಂಕಿ ಮುಂತಾದ ತಾತ್ಕಾಲಿಕ ಕುಟುಂಬ ಯೋಜನಾ ವಿಧಾನವೊಂದನ್ನು ಅನುಸರಿಸಿ, ವೈದ್ಯರು ಒಪ್ಪಿದ ನಂತರ ಮಗುವನ್ನು ಬಯಸುವುದು ವಿವೇಕದ ಮಾರ್ಗ. ಚಿಕಿತ್ಸೆಯಲ್ಲಿರುವವರಲ್ಲಿ ಈ ಅಂಕಿಯನ್ನು ಸಾಮಾನ್ಯವಾಗಿ 2.5ಕ್ಕಿಂತ ಕೆಳಗಿಡಲು ಯತ್ನಿಸುತ್ತಾರೆ.

ಗರ್ಭ ನಿಂತ ಮೇಲೆ ಥೈರಾಕ್ಸಿನ್ ಅಗತ್ಯವು ನಾಲ್ಕರಿಂದ ಆರನೆಯ ವಾರದಲ್ಲಿಯೇ ಏರತೊಡಗಿ, ಅನೇಕರಲ್ಲಿ ಮೊದಲಿಗಿಂತ ಕಾಲುಭಾಗದಿಂದ ಅರ್ಧಭಾಗದಷ್ಟು ಹೆಚ್ಚುತ್ತದೆ. ಅದಕ್ಕಾಗಿ ಗರ್ಭ ಖಚಿತವಾದ ಕೂಡಲೇ ವಾರಕ್ಕೆ 7 ಮಾತ್ರೆಗಳ ಬದಲು 9 ಮಾತ್ರೆ, ಅಂದರೆ ವಾರದಲ್ಲಿ ಎರಡು ದಿನ ಒಂದೊಂದು ಹೆಚ್ಚು ಮಾತ್ರೆ, ಸೇವಿಸುವಂತೆ ವೈದ್ಯರು ಸೂಚಿಸುವ ಕ್ರಮವಿದೆ. ನಿಮಗೂ ಇದು ಅನ್ವಯಿಸುವುದೇ ಎಂಬುದನ್ನು ಗರ್ಭಧಾರಣೆಗೆ ಮುಂಚೆಯೇ ನಿಮ್ಮ ವೈದ್ಯರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಂಡಿರಿ. ಮಳೆಗಾಲದಲ್ಲಿ ಬಸ್ಸು ಬಾರದ ಊರಿನಲ್ಲಿ ಆ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಗರ್ಭ ಖಚಿತವಾದ ಮೇಲೆ, ಸುಮಾರು 20 ವಾರಗಳವರೆಗೆ 4 ವಾರಗಳಿಗೊಮ್ಮೆ, ಮತ್ತೆ ಸುಮಾರು 30ನೆಯ ವಾರದಲ್ಲಿ ಒಮ್ಮೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಪರೀಕ್ಷೆಗೆ ತಕ್ಕಂತೆ ಮಾತ್ರೆಯ ಪ್ರಮಾಣ ಬದಲಾಗುತ್ತದೆ. ಬಸಿರಿನಲ್ಲಿಯೇ ಮೊದಲ ಬಾರಿಗೆ ಕೊರತೆ ಕಂಡುಬಂದವರಿಗೂ ಇದೇ ನಿಯಮ.

ಮಾತ್ರೆ ಸೇವಿಸುವ ಕ್ರಮ

ಬರಿಹೊಟ್ಟೆಯಲ್ಲಿ, ಬರೀ ನೀರಿನೊಡನೆ ಸೇವಿಸಿದರೆ ಮಾತ್ರ ಈ ಮಾತ್ರೆ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಕಾಫಿ, ಚಹಾ, ಹಾಲು, ಅಂಬಲಿ ಯಾವುದನ್ನೂ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆಯವರೆಗೆ ಸೇವಿಸಬಾರದು. ಬಸುರಿಯರಿಗೆ ನಾಲ್ಕನೆಯ ತಿಂಗಳಿನಿಂದ ಕೊಡುವ ಕಬ್ಬಿಣಾಂಶ ಮತ್ತು ಸುಣ್ಣಾಂಶದ (ಕ್ಯಾಲ್ಸಿಯಂ) ಮಾತ್ರೆಗಳು ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟುಬಿಡುತ್ತವೆ. ಎಲ್ಲ ಮಾತ್ರೆಗಳನ್ನೂ ಬೆಳಗ್ಗೆ ಒಟ್ಟಿಗೆ ನುಂಗಿ ಕೆಲಸ ಮುಗಿಸುವವರಿಗೆ ಥೈರಾಕ್ಸಿನ್ ಸೇವಿಸಿದ್ದೂ ಪೂರ್ಣ ಫಲ ಸಿಗುವುದಿಲ್ಲ. ಇವುಗಳ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ಕೆಳಗಿನ ವೇಳಾಕ್ರಮವು ಅನುಕೂಲಕರ:

ಬೆಳಗ್ಗೆ 6 ಗಂಟೆ: ಎದ್ದ ಕೂಡಲೇ ಥೈರಾಕ್ಸಿನ್, ನೀರಿನೊಡನೆ.
7 ಗಂಟೆ: ಕಾಫಿ ಅಥವಾ ಹಾಲು, ತಿಂಡಿ.
ಮಧ್ಯಾಹ್ನ 1 ಗಂಟೆ: ಊಟದೊಡನೆ ಸುಣ್ಣಾಂಶದ ಮಾತ್ರೆ.
ಸಂಜೆ 4 ಗಂಟೆ: ಕಬ್ಬಿಣಾಂಶದ ಮಾತ್ರೆ. ಇದರೊಡನೆ ಚಹಾ ಬೇಡ.
ರಾತ್ರಿ 8 ಗಂಟೆ: ಊಟದೊಡನೆ ಎರಡನೆಯ ಸುಣ್ಣಾಂಶದ ಮಾತ್ರೆ.

ಬೆಳಗಿನ ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ನಂತರ ಮಲಗುವಾಗ ಅದನ್ನು ಸೇವಿಸಬಹುದು. ಆಗ ಉಳಿದ ಮಾತ್ರೆಗಳ ವೇಳೆಯನ್ನೂ ಬದಲಿಸಬೇಕಾಗುವುದರಿಂದ ವೈದ್ಯರನ್ನು ಕೇಳಿರಿ. ಬೆಳಗ್ಗೆ ಮರೆತರೆ ಅದೇ ದಿನ ನೆನಪಾದಾಗ ಸೇವಿಸಿರಿ. ಮಾತ್ರೆಗಳನ್ನು ಒಲೆಯ ಬಳಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು.

ಆಹಾರ

ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸಿರಿ. 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ಆರಂಭಿಸಿದ ಅಧ್ಯಯನವು, ಇಂತಹ ಉಪ್ಪಿನಿಂದ ಗಳಗಂಡ ತಗ್ಗುವುದನ್ನು ನಮ್ಮ ದೇಶದಲ್ಲಿಯೇ ತೋರಿಸಿಕೊಟ್ಟಿತು. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆಯೆಂಬ ಬರಹವನ್ನು ನೋಡಿ ಕೊಳ್ಳಿರಿ. ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಅಡಿಗೆ ಇಳಿಸುವ ಮೊದಲು ಹಾಕುವುದು ಒಳ್ಳೆಯದು. ಹೆಚ್ಚು ಉಪ್ಪು ತಿಂದರೆ ಹೆಚ್ಚು ಗುಣವೆಂದು ತಿಳಿಯಬಾರದು. ಮಾತ್ರೆ ಬೇಕಾದವರಿಗೆ ಉಪ್ಪು ಮಾತ್ರೆಯ ಸ್ಥಾನವನ್ನು ತುಂಬಲಾರದು. ಎಲೆಕೋಸು, ನವಿಲುಕೋಸು, ಮೂಲಂಗಿಗಳನ್ನು ಬೇಯಿಸಿ ಮಿತವಾಗಿ ತಿನ್ನಲು ಅಡ್ಡಿಯಿಲ್ಲ.

ಪತಿಯ ಹಾಗೂ ಮನೆಯವರ ಕರ್ತವ್ಯ

ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತಂದಿಡುವುದು, ಪರೀಕ್ಷೆಯ ದಿನ ಹೊಲದ ಕೆಲಸವನ್ನು ಬದಿಗಿಟ್ಟು ಜೊತೆಯಲ್ಲಿ ಹೋಗುವುದು, ಮಾತ್ರೆಯ ವಿಷಯವನ್ನು ತನ್ನ ತಾಯಿಗೆ ತಾನೇ ತಿಳಿಯಹೇಳುವುದು ಪತಿಯ ಹೊಣೆ. ಸೊಸೆ ಹೇಳಿದರೆ ಎದುರು ಮಾತಾಗಿ ತೋರುವುದನ್ನು ಮಗ ಹೇಳಿದರೆ ಮನೆಯಲ್ಲಿ ಸುಲಭವಾಗಿ ಒಪ್ಪುತ್ತಾರೆ. ಹೆರಿಗೆಗೆ ತವರಿಗೆ ಹೋಗುವಾಗ ತಾಯಿ ಕಾರ್ಡ್, ಪರೀಕ್ಷೆಯ ಚೀಟಿಗಳು, ಎರಡು ತಿಂಗಳಿಗಾಗುವಷ್ಟು ಮಾತ್ರೆ ಇವು ಸೀರೆ ಕುಪ್ಪಸಗಳೊಡನೆ ಗಂಟಿನಲ್ಲಿರಬೇಕು.

ಹೆರಿಗೆಯ ನಂತರ

ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಗರ್ಭಕ್ಕೆ ಮೊದಲಿದ್ದ ಪ್ರಮಾಣಕ್ಕೆ ಮಾತ್ರೆಯನ್ನು ಇಳಿಸಿ, 6 ವಾರಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಬಾಣಂತಿಯ ಪಥ್ಯದ ಹೆಸರಿನಲ್ಲಿ ಮಾತ್ರೆಯನ್ನು ನಿಲ್ಲಿಸಬಾರದು. ಮಗುವಿಗೂ ಹುಟ್ಟಿದ ಮೊದಲ ದಿನಗಳಲ್ಲಿ ಥೈರಾಯಿಡ್ ಪರೀಕ್ಷೆ ಮಾಡಿಸುವ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿರಿ. ಹುಟ್ಟಿನಿಂದ ಬಂದ ಕೊರತೆಯನ್ನು ಮೊದಲ ವಾರಗಳಲ್ಲಿಯೇ ಗುರುತಿಸಿ ಚಿಕಿತ್ಸೆ ಆರಂಭಿಸಿದರೆ ಬುದ್ಧಿಮಾಂದ್ಯವನ್ನು ತಡೆಯಬಹುದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಬಸಿರೆಂದು ಥೈರಾಕ್ಸಿನ್ ಮಾತ್ರೆಯನ್ನು ನಿಲ್ಲಿಸಬೇಡಿ.
2. ಮೂರು ತಿಂಗಳು ಕಾಯದೆ, ಗರ್ಭ ತಿಳಿದ ವಾರದಲ್ಲಿಯೇ ವೈದ್ಯರನ್ನು ಕಾಣಿರಿ.
3. ಬರಿಹೊಟ್ಟೆಯಲ್ಲಿ ಸೇವಿಸಿ, ಕಬ್ಬಿಣಾಂಶ ಹಾಗೂ ಸುಣ್ಣಾಂಶದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಡಿರಿ.
4. 20 ವಾರಗಳವರೆಗೆ ನಾಲ್ಕು ವಾರಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿರಿ.
5. ಪ್ರಮಾಣವನ್ನು ವೈದ್ಯರ ಸಲಹೆಯಿಲ್ಲದೆ ಬದಲಿಸಬೇಡಿ.

ದಿನಕ್ಕೊಂದು ಸಣ್ಣ ಮಾತ್ರೆ, ತಿಂಗಳಿಗೊಂದು ಪರೀಕ್ಷೆ, ಇಷ್ಟರಿಂದ ಮುಂದೆ ಶಾಲೆಗೆ ಹೋಗಿ ಕಲಿಯಬೇಕಾದ ಮಗುವಿನ ಬುದ್ಧಿಗೆ ಭದ್ರವಾದ ತಳಹದಿ ಬೀಳುತ್ತದೆ. ಹೆಚ್ಚಿನ ವಿವರಗಳಿಗೆ ನಿಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಸಂಪರ್ಕಿಸಿರಿ.