ಬಾಡಿಗೆ ಮನೆಗೆ ಬಂದ ಕೌದಿ

ಹೊಸ ಮನೆಗೆ ಕಾಲಿಡುವಾಗ ಹಾಲುಕ್ಕಿಸುವುದು ನಮ್ಮಲ್ಲಿ ರೂಢಿ. ಬಾಡಿಗೆ ಮನೆಯಾದರೂ ಸರಿ, ದೇವರ ಪಟ, ದೀಪ, ಅರಿಸಿನ-ಕುಂಕುಮ ಒಳಗೆ ಹೋದ ಮೇಲೆಯೇ ಉಳಿದ ಸಾಮಾನು. ಇದು ಶಾಸ್ತ್ರವಾಯಿತು. ಆದರೆ ಗುರುತಿಲ್ಲದ ಗೋಡೆಗಳ ನಡುವೆ ಅಂದಿನ ರಾತ್ರಿ ನಿದ್ದೆ ಹತ್ತಬೇಕಾದರೆ ಮೈಗೆ ಗೊತ್ತಿರುವ ವಸ್ತುವೊಂದು ಬೇಕು. ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳಿಗೆ ಆ ವಸ್ತು ಕೌದಿ.

ಹುಬ್ಬಳ್ಳಿ ಕಡೆಯಿಂದ ತುಮಕೂರು ಮಾರ್ಗವಾಗಿ ಬರುವ ರೈಲುಗಳಿಗೆ ಯಶವಂತಪುರವೇ ಬೆಂಗಳೂರಿನ ಹೆಬ್ಬಾಗಿಲು. ಒಂದು ಕಡೆ ಕೃಷಿ ಮಾರುಕಟ್ಟೆ, ಇನ್ನೊಂದು ಕಡೆ ಪೀಣ್ಯದ ಕಾರ್ಖಾನೆಗಳು. ಕೆಲಸ ಅರಸಿ ಬಂದವರು ಸುತ್ತಲಿನ ಗಲ್ಲಿಗಳಲ್ಲಿ ಚಿಕ್ಕ ಮನೆ ಹಿಡಿಯುತ್ತಾರೆ. ಸಾಮಾನ್ಯವಾಗಿ ಕರಾರು 11 ತಿಂಗಳದ್ದು. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಇಂಥಲ್ಲಿ ‘ನಮ್ಮದು’ ಎನ್ನಲು ಉಳಿಯುವುದು ಊರಿಂದ ಹೊತ್ತು ತಂದದ್ದು ಮಾತ್ರ: ರೊಟ್ಟಿಯ ಹಂಚು, ಚಟ್ನಿಪುಡಿಯ ಡಬ್ಬಿ, ಮಡಿಚಿಟ್ಟ ಕೌದಿ.

ಕೌದಿಗೆ ಹೊಸ ಬಟ್ಟೆ ಬೇಕಿಲ್ಲ. ಉಟ್ಟು ಮೆತ್ತಗಾದ ನೂಲಿನ ಸೀರೆಯೇ ಅದರ ತಳಹದಿ. ಅದರ ಮೇಲೆ ಹಳೆಯ ಧೋತರ, ಅಂಗಿ, ಲಂಗದ ತುಂಡುಗಳನ್ನು ಪದರ ಪದರವಾಗಿ ಹರಡಿ, ಕೈಹೊಲಿಗೆಯ ಸಾಲುಗಳಿಂದ ಬಿಗಿಯುತ್ತಾರೆ. ಹೊಲಿಗೆ ದಟ್ಟವಾದಷ್ಟೂ ಬಾಳಿಕೆ ಹೆಚ್ಚು. ಹೀಗೆ ಅಜ್ಜಿಯ ಸೀರೆ, ಅಪ್ಪನ ಅಂಗಿ ಒಂದೇ ಹೊದಿಕೆಯಲ್ಲಿ ಸೇರುತ್ತವೆ. ಊರಿನ ಮನೆಯನ್ನು ಬೆಂಗಳೂರಿಗೆ ತರಲಾಗದು. ಮನೆಮಂದಿ ಉಟ್ಟ ಬಟ್ಟೆಯನ್ನು ತರಬಹುದು.

ಹಳೆಯ ಬಟ್ಟೆಗೆ ಈ ಶಕ್ತಿ ಎಲ್ಲಿಂದ ಬಂತು? ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇದಕ್ಕೆ ಹತ್ತಿರದ ವಿವರಣೆಯಿದೆ. ತಾಯಿ ಬಳಿಯಿಲ್ಲದ ಹೊತ್ತಿನಲ್ಲಿ ಮಗು ಹೊದಿಕೆಯ ಚುಂಗನ್ನೋ ಮೆತ್ತನೆಯ ಗೊಂಬೆಯನ್ನೋ ಹಿಡಿದು ಸಮಾಧಾನ ಪಡೆಯುತ್ತದೆ. ಅದನ್ನು ಒಗೆದರೆ ಪರಿಚಿತ ವಾಸನೆ ಹೋಗಿ ಮಗುವಿನ ಅನುಭವದ ಎಳೆಯೇ ತುಂಡಾಗಬಹುದು ಎಂದು ಅವರು ಗುರುತಿಸಿದ್ದರು. ಅವರು ಹೇಳಿದ್ದು ಕೂಸುಗಳ ಬಗ್ಗೆ. ಆದರೆ ಊರು ಬಿಟ್ಟ ದೊಡ್ಡವರಿಗೂ ಕೈ ಬಲ್ಲ ಮೆದುವು, ಮೂಗು ಬಲ್ಲ ವಾಸನೆ ಬೇಡವೇ?

ಮೂಲ ನೆಲದಿಂದ ಬಲು ದೂರ ಬಂದವರ ಕೈಯಲ್ಲೂ ಕೌದಿ ಅರಳಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿಯರ ಪೂರ್ವಿಕರು ಆಫ್ರಿಕಾ ಮೂಲದವರು. ಹಲವರನ್ನು ಗುಲಾಮರನ್ನಾಗಿ ತರಲಾಗಿತ್ತು. ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನವರೆಗೆ ಹೊಲಿಯುವ, ಬಣ್ಣಬಣ್ಣದ ತುಂಡುಗಳ ಕೌದಿಗಳು ಅಮೆರಿಕದ ಪ್ರದರ್ಶನಗಳನ್ನೂ ಕಂಡಿವೆ. ಹಳೆಯ ಬಟ್ಟೆಯಲ್ಲಿ ಮೂಡಿದ್ದು ಅಲ್ಲಿ ಕಲೆ ಎನಿಸಿಕೊಂಡಿತು.

ನಗರದಲ್ಲಿ ಮಾತ್ರ ಕೌದಿಗೆ ಕಷ್ಟಗಳಿವೆ. ನೆನೆದರೆ ಅದು ಎತ್ತಲಾರದಷ್ಟು ಭಾರ; ಒಣಗಿಸಲು ಅಂಗಳವಿಲ್ಲ, ತಾರಸಿಯ ತಂತಿಗೆ ಸರದಿ ಕಾಯಬೇಕು. ನೂಲಿನ ಸೀರೆಯ ಜಾಗಕ್ಕೆ ಸಿಂಥೆಟಿಕ್ ಬಂದಿದೆ. ಅದು ಬೆವರು ಹೀರದು. ಪೇಟೆಯ ಹಗುರ ರಗ್ಗು ಕಡಿಮೆ ಬೆಲೆಗೆ ಸಿಗುವಾಗ ವಾರಗಟ್ಟಲೆ ಕೂತು ಹೊಲಿಯುವವರು ಯಾರು? ಕೌದಿ ಬಲ್ಲ ಹಿರಿಯ ಕೈಗಳು ಊರಲ್ಲಿವೆ, ಹೊದೆಯುವ ಮಕ್ಕಳು ಇಲ್ಲಿದ್ದಾರೆ.

ಹರಿದ ಕೌದಿಗೆ ತೇಪೆ ಹಾಕಿದರೆ ಅದು ಮತ್ತೆ ಕೌದಿಯೇ. ಬೆಂಗಳೂರಿನಲ್ಲಿ ಹುಟ್ಟಿದ ಮಗುವಿನ ಹಳೆಯ ಅಂಗಿಯ ತುಂಡೂ ಅಜ್ಜಿಯ ಸೀರೆಯ ಪಕ್ಕದಲ್ಲಿ ಕೂರಬಲ್ಲದು. ಅಷ್ಟು ಹೊಲಿಗೆ ಕಲಿತುಕೊಂಡರೆ ಮುಂದಿನ ಬಾಡಿಗೆ ಮನೆಯೂ ಅಷ್ಟೊಂದು ಹೊಸದೆನಿಸಲಾರದು.