ಕಣ್ಣಿಗೂ ಸ್ಟ್ರೋಕ್ ಆಗುತ್ತದೆ

ನೋವಿಲ್ಲ, ಕೆಂಪಾಗಿಲ್ಲ. ಆದರೂ ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾಯಿತು. ‘ಬೆಳಿಗ್ಗೆ ತೋರಿಸಿದರಾಯಿತು’ ಎಂದು ಮಲಗಿಬಿಡಬೇಡಿ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರವೇ ರೆಟಿನಾ, ಅಂದರೆ ಅಕ್ಷಿಪಟಲ. ಅದಕ್ಕೆ ರಕ್ತ ಒಯ್ಯುವ ಅಪಧಮನಿ ಕಟ್ಟಿಕೊಂಡರೆ ದೃಷ್ಟಿ ಹೋಗುತ್ತದೆ. ಇದೂ ಒಂದು ಬಗೆಯ ಪಾರ್ಶ್ವವಾಯುವೇ. ಪೂರ್ತಿ ರಕ್ತ ನಿಂತರೆ ಸುಮಾರು 4 ಗಂಟೆಯಲ್ಲಿ ರೆಟಿನಾಕ್ಕೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ವಯಸ್ಸಾದವರಲ್ಲಿ ಹೆಚ್ಚಾಗಿ ಕುತ್ತಿಗೆಯ ರಕ್ತನಾಳದಿಂದ ಅಥವಾ ಹೃದಯದಿಂದ ಬಂದ ಹೆಪ್ಪಿನ ಅಥವಾ ಕೊಬ್ಬಿನ ಚೂರು ಇದಕ್ಕೆ ಕಾರಣ. ಚಿಕ್ಕ ವಯಸ್ಸಿನವರಿಗೆ ಹೀಗಾದರೆ ರಕ್ತ ಬೇಗ ಹೆಪ್ಪುಗಟ್ಟುವ ದೋಷವಿದೆಯೇ ಎಂದೂ ವೈದ್ಯರು ಹುಡುಕುತ್ತಾರೆ. ಇಂಥ ದೋಷಗಳಲ್ಲಿ ಮುಖ್ಯವಾದದ್ದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಗರ್ಭಪಾತ ಮರುಕಳಿಸಿದ್ದರೆ, ಕಾಲಿನ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದ್ದರೆ ತಪ್ಪದೆ ಹೇಳಿ. ರಕ್ತಪರೀಕ್ಷೆಯಲ್ಲಿ ದೋಷ ಕಂಡರೂ 12 ವಾರಗಳ ಬಳಿಕ ಮತ್ತೆ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ.

ತುರ್ತು ಚಿಕಿತ್ಸೆ ಏನು? ನಾಲ್ಕೂವರೆ ಗಂಟೆಯೊಳಗೆ ತಲುಪಿದ ಕೆಲವರಿಗೆ, ತಲೆಯ ಸಿ.ಟಿ. ಸ್ಕ್ಯಾನ್ ನೋಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ದೃಷ್ಟಿ ಮರಳುವ ಖಾತ್ರಿಯಿಲ್ಲ. ಈಗಾಗಲೇ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ರಕ್ತಸ್ರಾವದ ಅಪಾಯವಿದೆ. ಆದ್ದರಿಂದ ಮಾತ್ರೆಯ ಚೀಟಿ ಜೊತೆಗಿರಲಿ. ಮನೆಯಲ್ಲೇ ಆಸ್ಪಿರಿನ್ ನುಂಗಬೇಡಿ.

ಸಿಂಡ್ರೋಮ್ ಖಚಿತವಾದರೆ ಸಾಮಾನ್ಯವಾಗಿ ವಾರ್ಫರಿನ್ ಮಾತ್ರೆ ದೀರ್ಘಕಾಲ ಬೇಕು. ರಕ್ತ ಎಷ್ಟು ತೆಳುವಾಗಿದೆ ಎಂದು ಐ.ಎನ್.ಆರ್. ಪರೀಕ್ಷೆ ತಿಳಿಸುತ್ತದೆ, ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಸೊಪ್ಪು ವಾರ್ಫರಿನ್‌ನ ಪರಿಣಾಮ ತಗ್ಗಿಸುತ್ತದೆ, ಹಾಗೆಂದು ಸೊಪ್ಪು ಬಿಡಬೇಕೇ? ಬೇಡ. ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗದೆ, ದಿನಾ ಒಂದೇ ಪ್ರಮಾಣದಲ್ಲಿ ತಿನ್ನಿ. ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ವಾರ್ಫರಿನ್ ಮಗುವಿಗೆ ಹಾನಿಕರ, ಬದಲಿಗೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಪರೀಕ್ಷೆಯ ತಾಪತ್ರಯವಿಲ್ಲದ ಹೊಸ ಮಾತ್ರೆಗಳಿಗೆ ನೀವಾಗಿಯೇ ಬದಲಾಗಬೇಡಿ. ಈ ಸಿಂಡ್ರೋಮ್ ಇರುವ ಕೆಲವರಿಗೆ ಅವು ಸಾಕಷ್ಟು ರಕ್ಷಣೆ ಕೊಡುವುದಿಲ್ಲ.

ದೃಷ್ಟಿ ಹೋದ ಬಳಿಕ ಮೊದಲ ಕೆಲವು ತಿಂಗಳು ಕಣ್ಣಿನ ತಪಾಸಣೆಯೂ ಮುಖ್ಯ. ಹೊಸ ರಕ್ತನಾಳಗಳು ಬೆಳೆದು ಕಣ್ಣಿನ ಒತ್ತಡ ಏರಬಹುದು.

ವಾರ್ಫರಿನ್ ಅಗ್ಗ, ಐ.ಎನ್.ಆರ್. ಪರೀಕ್ಷೆಯೂ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ದುಬಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಯಾವುದಕ್ಕೆ ಅನ್ವಯಿಸುತ್ತದೆ ಎಂದು ಆಸ್ಪತ್ರೆಯಲ್ಲೇ ಕೇಳಿ.

ಎಲ್ಲಿಗೆ ಹೋಗಬೇಕು? ಕನ್ನಡಕದ ಅಂಗಡಿಗಂತೂ ಅಲ್ಲ. ಸಿ.ಟಿ. ಸ್ಕ್ಯಾನ್ ಮತ್ತು ನರರೋಗ ವೈದ್ಯರಿರುವ ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ, ದೃಷ್ಟಿ ಹೋದ ಸಮಯವನ್ನು ಬರೆದಿಟ್ಟುಕೊಂಡು ಹೊರಡಿ.