ಶಾಸನಗಳಿಗೊಂದು ಸಾಮಾನ್ಯ ಕೋಷ್ಟಕ: ರಚನೆಯನ್ನು ಕುರಿತು ಕೆಲವು ವಿಚಾರಗಳು

ಶಾಸನಗಳೆಂದು ನಾವು ಒಂದೇ ಹೆಸರಿನಿಂದ ಕರೆಯುವ ದಾಖಲೆಗಳು ವಾಸ್ತವವಾಗಿ ಒಂದೇ ಬಗೆಯವಲ್ಲ. ದೇವಾಲಯದ ಬಳಿಯ ದಾನಶಾಸನ, ಬಳೆಯಿಂದ ಬಂಧಿಸಿ ಮುದ್ರೆಯೊತ್ತಿದ ತಾಮ್ರಪಟ, ವೀರಗಲ್ಲು, ಮಾಸ್ತಿಕಲ್ಲು, ಜೈನಕ್ಷೇತ್ರದ ನಿಸಿದಿ—ಇವು ಹುಟ್ಟಿದ ಸಂದರ್ಭವೂ ತಿಳಿಸುವ ವಿಷಯವೂ ಬೇರೆಬೇರೆ. ಇವುಗಳನ್ನು ಗಣಕಯಂತ್ರದ ದತ್ತಸಂಚಯದಲ್ಲಿ ಅಳವಡಿಸಲು ಹೊರಟವರಿಗೆ, ಎಲ್ಲಕ್ಕೂ ಒಂದೇ ಕೋಷ್ಟಕ ಸಾಕೆ ಅಥವಾ ಬಗೆಗೊಂದು ಬೇಕೆ, ಎಂಬ ಪ್ರಶ್ನೆ ಮೊದಲಿಗೇ ಎದುರಾಗುತ್ತದೆ. ಇದು ಯಂತ್ರಜ್ಞರು ತೀರ್ಮಾನಿಸತಕ್ಕ ಸಂಗತಿಯೆಂದು ಇತಿಹಾಸದ ಅಧ್ಯಾಪಕರು ಸುಮ್ಮನಿರುವುದುಂಟು. ಅದು ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಎಡ್ಗರ್ ಕಾಡ್ ಅವರು ೧೯೭೦ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ಮಾದರಿಯೇ ಇಂದಿನ ಬಹುಪಾಲು ದತ್ತಸಂಚಯಗಳಿಗೆ ತಳಹದಿ. ಇದರಲ್ಲಿ ಕೋಷ್ಟಕದ ಒಂದು ಅಡ್ಡಸಾಲು ಒಂದು ದಾಖಲೆಗೆ, ಒಂದು ಕಂಬಸಾಲು ಒಂದು ಬಗೆಯ ಮಾಹಿತಿಗೆ ಮೀಸಲು. ಹಲವು ಬಗೆಯ ದಾಖಲೆಗಳನ್ನು ಹೀಗೆ ಜೋಡಿಸಲು ಮೂರು ಮಾರ್ಗಗಳಿವೆ.

ಮೊದಲನೆಯದು, ಎಲ್ಲವನ್ನೂ ಒಂದೇ ವಿಶಾಲವಾದ ಕೋಷ್ಟಕದಲ್ಲಿ ತುಂಬುವುದು. ಆಗ ತಾಮ್ರಪಟದ ಹಲಗೆಗಳ ಸಂಖ್ಯೆಗೂ, ತುರುಗೋಳಿನಲ್ಲಿ ಮಡಿದ ವೀರನ ಹೆಸರಿಗೂ, ನಿಸಿದಿಯ ಸಲ್ಲೇಖನ ವ್ರತಕ್ಕೂ ಪ್ರತ್ಯೇಕ ಕಂಬಸಾಲುಗಳು ಬೇಕಾಗಿ, ಪ್ರತಿಯೊಂದು ದಾಖಲೆಯಲ್ಲಿಯೂ ಅನೇಕ ಮನೆಗಳು ಖಾಲಿ ಉಳಿಯುತ್ತವೆ. ಎರಡನೆಯದು, ಬಗೆಗೊಂದು ಕೋಷ್ಟಕ. ಇಲ್ಲಿ ಖಾಲಿ ಮನೆಗಳು ಕಡಮೆ. ಆದರೆ ಒಬ್ಬ ಅರಸನ ಕಾಲದ ಶಾಸನಗಳನ್ನೆಲ್ಲ ಒಟ್ಟಿಗೆ ನೋಡಬೇಕಾದಾಗ ಐದಾರು ಕಡೆ ಹುಡುಕಬೇಕು. ಮೂರನೆಯದು, ಎಲ್ಲಕ್ಕೂ ಸಮಾನವಾದ ಸ್ಥಳ, ಕಾಲ, ಭಾಷೆ, ಲಿಪಿ, ಅರಸ ಮೊದಲಾದವನ್ನು ಒಂದು ಮೂಲಕೋಷ್ಟಕದಲ್ಲಿಟ್ಟು, ಆಯಾ ಬಗೆಯ ವಿಶೇಷಾಂಶಗಳನ್ನು ಶಾಖಾಕೋಷ್ಟಕಗಳಲ್ಲಿ ಬರೆದು, ಎರಡನ್ನೂ ಒಂದು ಗುರುತುಸಂಖ್ಯೆಯಿಂದ ಜೋಡಿಸುವುದು. ನಮ್ಮ ಕೆಲಸಕ್ಕೆ ಇದೇ ಹೆಚ್ಚು ಯೋಗ್ಯವೆಂದು ತೋರುತ್ತದೆ.

ಆದರೆ ಇಲ್ಲಿಯೂ ಒಂದು ಎಚ್ಚರ ಅವಶ್ಯಕ. ಮೂಲಕೋಷ್ಟಕದಲ್ಲಿ ‘ಬಗೆ’ ಎಂಬ ಒಂದು ಕಂಬಸಾಲನ್ನಿಟ್ಟು, ಪ್ರತಿಯೊಂದು ಶಾಸನಕ್ಕೂ ಒಂದೇ ಬಗೆಯನ್ನು ನಮೂದಿಸುವುದು ರೂಢಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಇದರಲ್ಲಿ ಎಲ್ಲಿಡಬೇಕು? ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತುದರ ಸ್ಮಾರಕವಾದ್ದರಿಂದ ಅದು ಸ್ಮಾರಕಶಿಲೆ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟ ವಿಷಯವಿರುವುದರಿಂದ ಅದು ದಾನಶಾಸನವೂ ಹೌದು. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ತಿಳಿಸುವುದರಿಂದ ರಾಜಕೀಯ ಇತಿಹಾಸಕ್ಕೂ ಅದು ಮುಖ್ಯ ಆಧಾರ. ಒಂದೇ ಬಗೆಯನ್ನು ಬರೆದರೆ ಉಳಿದವು ಹುಡುಕುವವನ ಕಣ್ಣಿಗೆ ಬೀಳವು. ಆದಕಾರಣ ಒಂದು ಶಾಸನವು ಒಂದಕ್ಕಿಂತ ಹೆಚ್ಚು ಶಾಖೆಗಳಲ್ಲಿ ಸ್ಥಾನ ಪಡೆಯುವಂತಿರಬೇಕು.

ಕಾಲವನ್ನು ನಮೂದಿಸುವಲ್ಲಿಯೂ ಇಂತಹುದೇ ಜಾಗರೂಕತೆ ಬೇಕು. ಆತಕೂರಿನ ಕಲ್ಲು ಹೇಳುವುದು ಶಕವರ್ಷ ೮೭೨, ಸೌಮ್ಯ ಸಂವತ್ಸರ, ಅದು ಕ್ರಿ.ಶ. ೯೪೯-೫೦ ಎಂಬುದು ವಿದ್ವಾಂಸರ ಗಣನೆ. ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ, ಸುಮಾರು ಕ್ರಿ.ಶ. ೪೫೦ ಎಂಬುದು ವಿದ್ವಾಂಸರ ಊಹೆ. ಶಿಲೆಯ ಮಾತನ್ನೂ ನಮ್ಮ ಊಹೆಯನ್ನೂ ಒಂದೇ ಮನೆಯಲ್ಲಿ ಬೆರೆಸಲಾಗದು.

ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ಖಾಲಿ ಮನೆಯಲ್ಲಿ. ವಿದ್ಯಾರ್ಥಿಗಳೊಡನೆ ನಾನು ಮೊದಲು ಸಿದ್ಧಪಡಿಸಿದ ಕೋಷ್ಟಕವು ವಿಶಾಲವಾದ ಒಂದೇ ಕೋಷ್ಟಕವಾಗಿತ್ತು. ಅರಸನ ಹೆಸರಿಲ್ಲದ ವೀರಗಲ್ಲುಗಳೆಷ್ಟು ಎಂದು ಒಬ್ಬ ವಿದ್ಯಾರ್ಥಿ ಎಣಿಸಿ, ಆ ಸೀಮೆಯಲ್ಲಿ ಅರಸರ ಹಿಡಿತವೇ ಸಡಿಲವಾಗಿತ್ತೆಂದು ಪ್ರಬಂಧವನ್ನು ಬರೆಯತೊಡಗಿದನು. ಪರಿಶೀಲಿಸಿದಾಗ, ಆ ಖಾಲಿ ಮನೆಗಳಲ್ಲಿ ಕೆಲವು ಅರಸನ ಹೆಸರನ್ನು ನಿಜವಾಗಿಯೂ ಹೇಳದ ಕಲ್ಲುಗಳವು. ಕೆಲವು ಆ ಭಾಗವೇ ಒಡೆದುಹೋದವು. ಮತ್ತೆ ಕೆಲವು ನಾವು ಓದಿ ಮುಗಿಸದೆ ಬಿಟ್ಟವು. ತಪ್ಪು ಆತನದಲ್ಲ, ಮೂರನ್ನೂ ಒಂದೇ ಮೌನದಿಂದ ಸೂಚಿಸಿದ ನನ್ನ ಕೋಷ್ಟಕದ್ದು. ಕಾಡ್ ಅವರೂ ೧೯೯೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಇರಬೇಕಾಗಿದ್ದರೂ ತಿಳಿಯದ ಮಾಹಿತಿಯನ್ನೂ ಅನ್ವಯವೇ ಆಗದ ಮಾಹಿತಿಯನ್ನೂ ಬೇರೆಬೇರೆಯಾಗಿ ಗುರುತಿಸಬೇಕೆಂದಿದ್ದಾರೆ. ಶಾಸನಾಭ್ಯಾಸಿಗೆ ‘ಉಲ್ಲೇಖವಿಲ್ಲ’, ‘ತ್ರುಟಿತ’, ‘ಇನ್ನೂ ಓದಿಲ್ಲ’ ಎಂಬ ಮೂರು ಗುರುತುಗಳಾದರೂ ಬೇಕು. ಶಾಖಾಕೋಷ್ಟಕಗಳು ಅನ್ವಯಿಸದ ಮನೆಗಳನ್ನು ದೂರಮಾಡುವುದರಿಂದ, ಉಳಿದ ಮೌನಗಳನ್ನು ವಿವರಿಸುವುದು ಸುಲಭವಾಗುತ್ತದೆ.

ಇನ್ನು ಗುರುತುಸಂಖ್ಯೆಯ ವಿಚಾರ. ಎಪಿಗ್ರಾಫಿಯ ಕರ್ನಾಟಿಕದ ಸಂಖ್ಯೆಯನ್ನೇ ಬಳಸಬಹುದೆಂದು ತೋರುವುದು ಸಹಜ. ಆದರೆ ಶ್ರವಣಬೆಳಗೊಳದ ಸಂಪುಟವು ೧೮೮೯ರಲ್ಲಿ ರೈಸ್ ಅವರಿಂದ, ೧೯೨೩ರಲ್ಲಿ ಆರ್. ನರಸಿಂಹಾಚಾರ್ ಅವರಿಂದ, ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ ಪ್ರಕಟವಾಗಿ, ಪರಿಷ್ಕರಣದೊಡನೆ ಸಂಖ್ಯೆಗಳೂ ಬದಲಾಗಿವೆ. ಆದುದರಿಂದ ಗುರುತುಸಂಖ್ಯೆ ಯಾವ ಆವೃತ್ತಿಗೂ ಸೇರದ, ಎಂದೂ ಬದಲಾಗದ ಸಂಖ್ಯೆಯಾಗಿರಬೇಕು. ಆವೃತ್ತಿಗಳ ಸಂಖ್ಯೆಗಳನ್ನು ಬೇರೊಂದು ಕೋಷ್ಟಕದಲ್ಲಿ ಬರೆದಿಡಬೇಕು.

ಸಾರಾಂಶವಿಷ್ಟೆ: ಸಮಾನವಾದುದು ಒಂದೆಡೆ, ವಿಶೇಷವಾದುದು ತನ್ನ ಶಾಖೆಯಲ್ಲಿ, ಮೌನಕ್ಕೆ ಕಾರಣ ಅದರ ಪಕ್ಕದಲ್ಲಿ. ಕಂಬಸಾಲುಗಳನ್ನು ನಿರ್ಧರಿಸುವುದೆಂದರೆ ಆಧಾರಗಳನ್ನು ವಿಮರ್ಶಿಸುವುದೇ ಆಗಿದೆ. ಆ ಕಾರ್ಯವನ್ನು ಇತಿಹಾಸದ ವಿದ್ಯಾರ್ಥಿಗಳು ಅನ್ಯರಿಗೆ ಬಿಟ್ಟುಕೊಡಲಾಗದು.